ತೀರಿಕೊಂಡ ಮಗಳಿಗೆ ವರ ಬೇಕು: ಮನಶ್ಶಾಸ್ತ್ರದ ಪಂಥಗಳು ಯಾವ ಗೃಹೀತದ ಮೇಲೆ ನಿಂತಿವೆ?

2024ರ ಮೇ ತಿಂಗಳಲ್ಲಿ ಪುತ್ತೂರಿನ ಕುಟುಂಬವೊಂದು ದಿನಪತ್ರಿಕೆಯಲ್ಲಿ ವರ ಬೇಕೆಂದು ಜಾಹೀರಾತು ಕೊಟ್ಟಿತು. ವಧು ತೀರಿಕೊಂಡು ಮೂವತ್ತು ವರ್ಷವಾಗಿತ್ತು. ವರನೂ ಸುಮಾರು ಅಷ್ಟೇ ವರ್ಷದ ಹಿಂದೆ ತೀರಿಕೊಂಡವನಾಗಿರಬೇಕು, ಪ್ರೇತ ಮದುವೆಗೆ ಒಪ್ಪುವ ಮನೆಯವರು ಸಂಪರ್ಕಿಸಬಹುದು ಎಂಬುದು ಅದರ ಸಾರಾಂಶ. ದೇಶದ ಪತ್ರಿಕೆಗಳೆಲ್ಲ ಇದನ್ನು ಸೋಜಿಗದ ಸುದ್ದಿ ಎಂದು ಎತ್ತಿಕೊಂಡವು. ಪುತ್ತೂರು, ಸುಳ್ಯ, ಕಡಬದ ಓದುಗರಿಗೆ ಅದರಲ್ಲಿ ಹೊಸತೇನೂ ಇರಲಿಲ್ಲ. ಎಳವೆಯಲ್ಲೇ ತೀರಿಹೋದ ಮಕ್ಕಳಿಗೆ, ಬದುಕಿದ್ದರೆ ಮದುವೆ ಪ್ರಾಯಕ್ಕೆ ಬರುತ್ತಿದ್ದ ಕಾಲದಲ್ಲಿ, ಸಂಬಂಧ ಹುಡುಕಿ ಮದುವೆ ಮಾಡಿಸುವ ಕ್ರಮ ತುಳುನಾಡಿನ ಹಲವು ಸಮುದಾಯಗಳಲ್ಲಿ ಇದೆ. ಎರಡು ಕುರ್ಚಿ ಇಡುತ್ತಾರೆ. ಒಂದರ ಮೇಲೆ ಧಾರೆ ಸೀರೆ, ಬಳೆ, ಹೂವು. ಇನ್ನೊಂದರ ಮೇಲೆ ಪಂಚೆ, ಶಲ್ಯ. ಎರಡೂ ಕಡೆಯ ನೆಂಟರು ಎದುರು ಬದುರು ಕೂರುತ್ತಾರೆ, ಧಾರೆ ಎರೆಯುತ್ತಾರೆ, ಊಟ ಬಡಿಸುತ್ತಾರೆ. ಆ ದಿನದಿಂದ ಎರಡು ಮನೆಗಳು ಬೀಗರಾಗುತ್ತವೆ.

ಆ ಕುಟುಂಬಕ್ಕೆ ಮನೆಯಲ್ಲಿ ಒಂದರ ಮೇಲೊಂದು ತೊಂದರೆ ಬರುತ್ತಿತ್ತು. ಹಿರಿಯರನ್ನು ಕೇಳಿದಾಗ, ಮದುವೆಯಿಲ್ಲದೆ ಉಳಿದ ಮಗಳ ಆತ್ಮಕ್ಕೆ ನೆಮ್ಮದಿಯಿಲ್ಲ ಎಂದು ತಿಳಿದುಬಂತು ಎಂಬುದು ಆಗ ವರದಿಯಾದ ಕಾರಣ. ಮೂಢನಂಬಿಕೆ ಎಂದು ಇದನ್ನು ತಳ್ಳಿಹಾಕುವುದು ಸುಲಭ, ಸಂಸ್ಕೃತಿ ಎಂದು ಕೈಮುಗಿಯುವುದೂ ಸುಲಭ. ನನಗೆ ಮುಖ್ಯವಾಗಿ ಕಾಣುವುದು ಬೇರೆಯೇ ಒಂದು ಪ್ರಶ್ನೆ. ಇಲ್ಲಿ ನೋವು ಯಾರದು? ತಾಯಿಯದೇ, ತೀರಿಹೋದ ಮಗಳದೇ, ಇಡೀ ಮನೆಯದೇ? ಮನಶ್ಶಾಸ್ತ್ರದ ದೊಡ್ಡ ಪಂಥಗಳು ಇದಕ್ಕೆ ಒಂದೊಂದು ಉತ್ತರ ಕೊಡುತ್ತವೆ. ಆದರೆ ಆ ಉತ್ತರಗಳು ಜಾಹೀರಾತನ್ನು ಓದಿದ ಮೇಲೆ ಹುಟ್ಟಿದವಲ್ಲ. ಮನುಷ್ಯ ಎಂದರೆ ಏನು ಎಂದು ಪ್ರತಿ ಪಂಥವೂ ಮೊದಲೇ ಒಪ್ಪಿಕೊಂಡು ಹೊರಟಿರುತ್ತದೆ. ಆ ಒಪ್ಪಿಗೆಯನ್ನು ಅದು ಪ್ರಯೋಗಶಾಲೆಯಲ್ಲಿ ಪರೀಕ್ಷಿಸುವುದಿಲ್ಲ. ಅದರ ಮೇಲೆ ನಿಂತು ಉಳಿದೆಲ್ಲವನ್ನೂ ಪರೀಕ್ಷಿಸುತ್ತದೆ. ಅದನ್ನೇ ಇಲ್ಲಿ ಗೃಹೀತ ಎನ್ನುತ್ತಿದ್ದೇನೆ.

ಕನ್ನಡ ನಾಡಿಗೆ ಈ ಶಾಸ್ತ್ರ ಬಂದು ನೂರು ವರ್ಷ ದಾಟಿತು. ಲಂಡನ್ನಿನಲ್ಲಿ ಚಾರ್ಲ್ಸ್ ಸ್ಪಿಯರ್‌ಮನ್ ಬಳಿ ಕಲಿತು ಬಂದ ಎಂ.ವಿ. ಗೋಪಾಲಸ್ವಾಮಿಯವರು 1924ರಲ್ಲಿ ಮೈಸೂರಿನಲ್ಲಿ ಮನಶ್ಶಾಸ್ತ್ರ ವಿಭಾಗ ಕಟ್ಟಿದರು. ಮುಂದೆ 1935ರಲ್ಲಿ ಮೈಸೂರಿನ ಆಕಾಶವಾಣಿಯನ್ನು ಶುರುಮಾಡಿದವರೂ ಅವರೇ. ಡಾ. ಎಂ. ಶಿವರಾಂ ಅವರ 'ಮನಮಂಥನ'ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಡಾ. ಸಿ.ಆರ್. ಚಂದ್ರಶೇಖರ್ ಅವರ ಪುಸ್ತಕಗಳು ಹಳ್ಳಿಯ ಲೈಬ್ರರಿಗಳನ್ನೂ ಮುಟ್ಟಿವೆ. ಇಷ್ಟಾದರೂ ಕಾಲೇಜಿನ ಪಾಠದಲ್ಲಿ ಪಂಥಗಳು ಬರುವುದು ಐದು ಅಂಕದ ಪ್ರಶ್ನೆಯಾಗಿ: ವರ್ತನಾವಾದದ ಲಕ್ಷಣಗಳನ್ನು ಬರೆಯಿರಿ, ಮಾನವತಾವಾದದ ಪ್ರವರ್ತಕರನ್ನು ಹೆಸರಿಸಿ. ವಿದ್ಯಾರ್ಥಿ ಬರೆದು ಪಾಸಾಗುತ್ತಾನೆ. ತನ್ನ ಮನೆಯಲ್ಲಿ ಪ್ರಶ್ನೆ ಇಡಿಸುವ ಜೋಯಿಸರಿಗೂ ಒಂದು ಗೃಹೀತ ಇದೆ, ಫ್ರಾಯ್ಡನಿಗೂ ಒಂದು ಇದೆ, ಎರಡನ್ನೂ ಎದುರು ಬದುರು ಇಟ್ಟು ನೋಡಬಹುದು ಎಂದು ಅವನಿಗೆ ಯಾರೂ ಹೇಳಿಕೊಡುವುದಿಲ್ಲ.

ಫ್ರಾಯ್ಡನಿಂದಲೇ ತೊಡಗುತ್ತೇನೆ, ಯಾಕೆಂದರೆ ಸತ್ತವರ ವಿಷಯದಲ್ಲಿ ಹೆಚ್ಚು ಖಚಿತವಾಗಿ ಮಾತಾಡಿದವನು ಅವನು. ಮನಸ್ಸಿನ ಬಹುಪಾಲು ನಮಗೇ ಕಾಣದಂತೆ ಕೆಲಸ ಮಾಡುತ್ತದೆ, ಎಳವೆಯ ಅನುಭವ ಇಡೀ ಬಾಳಿನ ಅಚ್ಚು ಹಾಕುತ್ತದೆ, ಯಾವ ಲಕ್ಷಣವೂ ಅರ್ಥವಿಲ್ಲದೆ ಹುಟ್ಟುವುದಿಲ್ಲ ಎಂಬುವು ಮನೋವಿಶ್ಲೇಷಣೆಯ ಗೃಹೀತಗಳು. 1917ರ ಒಂದು ಪ್ರಬಂಧದಲ್ಲಿ ಫ್ರಾಯ್ಡ್ ದುಃಖದ ಕೆಲಸವೇನು ಎಂದು ವಿವರಿಸಿದ. ತೀರಿಹೋದವರಲ್ಲಿ ನಾವು ಹೂಡಿದ ಪ್ರೀತಿಯನ್ನು ನೆನಪು ನೆನಪಾಗಿ ಬಿಡಿಸಿಕೊಂಡು, ಹೊಸ ಸಂಬಂಧಗಳಿಗೆ ಬಿಡುವು ಮಾಡಿಕೊಳ್ಳುವುದು ಆ ಕೆಲಸ. ಬಿಡಿಸಿಕೊಳ್ಳಲಾಗದೆ ಹೋದರೆ ದುಃಖ ರೋಗವಾಗುತ್ತದೆ. ಪಾಶ್ಚಾತ್ಯ ಆಪ್ತಸಲಹೆ ಬಹುಕಾಲ ಈ ದಾರಿಯಲ್ಲೇ ನಡೆಯಿತು. ಆ ಲೆಕ್ಕದಲ್ಲಿ ಮೂವತ್ತು ವರ್ಷದ ಬಳಿಕ ಮಗಳಿಗೆ ಸೀರೆ ತರುವ ತಾಯಿ ಕೆಲಸ ಮುಗಿಸದೆ ಉಳಿದವಳು.

ಈ ಗೃಹೀತ ಅಲ್ಲಾಡಿದ್ದು 1996ರಲ್ಲಿ. ಡೆನಿಸ್ ಕ್ಲಾಸ್, ಫಿಲಿಸ್ ಸಿಲ್ವರ್‌ಮನ್, ಸ್ಟೀವನ್ ನಿಕ್‌ಮನ್ ಎಂಬ ಅಮೆರಿಕದ ಮೂವರು ಸಂಪಾದಿಸಿದ ಪುಸ್ತಕವೊಂದು, ದುಃಖಿಗಳು ಸತ್ತವರನ್ನು ಬಿಟ್ಟುಕೊಡುವುದಿಲ್ಲ, ಅವರೊಂದಿಗಿನ ಸಂಬಂಧವನ್ನು ಬೇರೆ ರೂಪದಲ್ಲಿ ಮುಂದುವರಿಸುತ್ತಾರೆ ಎಂದು ವಾದಿಸಿತು. ಮಕ್ಕಳನ್ನು ಕಳೆದುಕೊಂಡ ತಂದೆತಾಯಿಗಳ ಗುಂಪುಗಳನ್ನೂ ಜಪಾನಿನ ಪೂರ್ವಿಕರ ಪೂಜೆಯನ್ನೂ ಕ್ಲಾಸ್ ಹತ್ತಿರದಿಂದ ನೋಡಿದ್ದರು. ಆಟಿ ತಿಂಗಳಲ್ಲಿ ಕುಲೆಗಳಿಗೆ, ಅಂದರೆ ತೀರಿಹೋದವರಿಗೆ, ಎಲೆ ಹಾಕಿ ಬಡಿಸುವ ಮನೆಯವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಪ್ರೇತ ಮದುವೆಯ ತಾಯಿ ಮಗಳನ್ನು ಮರೆತಿಲ್ಲ. ಬದಲಿಗೆ ಅವಳನ್ನು ಬೆಳೆಯಗೊಡುತ್ತಾಳೆ. ತೊಟ್ಟಿಲ ಕೂಸಾಗಿ ಸತ್ತವಳು ಇವತ್ತು ಮದುಮಗಳು, ಇನ್ನೊಂದು ಮನೆಯ ಸೊಸೆ. ಅವಳ ಜವಾಬ್ದಾರಿ ಈಗ ಎರಡು ಮನೆಗೆ ಹಂಚಿಹೋಗಿದೆ. ದುಃಖವನ್ನು ಮುಂದೆ ಸಾಗಿಸುವ ಇಷ್ಟು ಸೂಕ್ಷ್ಮವಾದ ಕ್ರಮ ಯಾವ ಆಪ್ತಸಲಹೆಯ ಕೈಪಿಡಿಯಲ್ಲೂ ನನಗೆ ಸಿಕ್ಕಿಲ್ಲ.

ಫ್ರಾಯ್ಡನ ಇನ್ನೊಂದು ಗೃಹೀತವನ್ನು ಈ ಮಣ್ಣು ಇನ್ನೂ ಗಟ್ಟಿಯಾಗಿ ಪ್ರಶ್ನಿಸುತ್ತದೆ. ಮಗನ ಮೊದಲ ಪ್ರೀತಿ ತಾಯಿಯ ಮೇಲೆ, ಮೊದಲ ಹಗೆ ತಂದೆಯ ಮೇಲೆ, ಈ ಈಡಿಪಸ್ ಗಂಟು ಎಲ್ಲ ಮನುಷ್ಯರಲ್ಲೂ ಇದೆ ಎಂದು ಆತ ನಂಬಿದ್ದ. ಮಾನವಶಾಸ್ತ್ರಜ್ಞ ಬ್ರೊನಿಸ್ಲಾವ್ ಮಲಿನೋವ್‌ಸ್ಕಿ ಟ್ರೋಬ್ರಿಯಾಂಡ್ ದ್ವೀಪಗಳ ಮಾತೃಮೂಲದ ಕುಟುಂಬಗಳನ್ನು ನೋಡಿ, 1927ರ ಪುಸ್ತಕದಲ್ಲಿ ಇದನ್ನು ಅಲ್ಲಗಳೆದ. ಅಲ್ಲಿ ಅಧಿಕಾರವಿದ್ದದ್ದು ಸೋದರಮಾವನ ಕೈಯಲ್ಲಿ, ಹುಡುಗನ ಒಳಗಿನ ಹಗೆಯೂ ಅವನ ಕಡೆಗೇ. ತಂದೆಯದು ಆಡಿಸುವ, ಮುದ್ದಿಸುವ ಪಾತ್ರ. ಇದನ್ನು ಓದುವ ತುಳುನಾಡಿನವರು ಅಷ್ಟು ದೂರ ಹೋಗಬೇಕಾಗಿಲ್ಲ. ಬಂಟರು, ಬಿಲ್ಲವರು ಮೊದಲಾದವರ ಅಳಿಯಕಟ್ಟಿನಲ್ಲಿ ಆಸ್ತಿ, ಮನೆತನದ ಹೆಸರು, ಯಜಮಾನಿಕೆ ಹರಿದದ್ದು ಮಾವನಿಂದ ಅಳಿಯನಿಗೆ. ಪಕ್ಕದ ಹವ್ಯಕರ ತೋಟದಲ್ಲಿ ಮಕ್ಕಳಕಟ್ಟು, ಅಂದರೆ ತಂದೆಯಿಂದ ಮಗನಿಗೆ. ಒಂದೇ ಬೈಲಿನಲ್ಲಿ, ಒಂದೇ ತೋಡಿನ ನೀರು ಕುಡಿಯುವ ಎರಡು ಮನೆಗಳಲ್ಲಿ ಹುಡುಗ ಹೆದರಬೇಕಾದ ಗಂಡಸು ಬೇರೆ ಬೇರೆ. ಪುತ್ತೂರು ತಾಲೂಕಿನ ಪಡುಮಲೆಯಲ್ಲಿ ಹುಟ್ಟಿದ ಕೋಟಿ ಚೆನ್ನಯರ ಪಾಡ್ದನದಲ್ಲಿ, ಅಂದರೆ ತುಳು ಕಥನಗೀತದಲ್ಲಿ, ತಂದೆ ಹೆಚ್ಚುಕಡಿಮೆ ಕಾಣಿಸುವುದೇ ಇಲ್ಲ. ಹೆತ್ತ ದೇಯಿ ಬೈದೆತಿ ಸಾಯುತ್ತಾಳೆ, ಸಾಕುವವನು ಮಾವ ಸಾಯನ ಬೈದ್ಯ, ಹಗೆ ಹುಟ್ಟುವುದು ಬಲ್ಲಾಳನ ಅರಮನೆಯ ಕಡೆಗೆ.

ಫ್ರಾಯ್ಡನ ಕಡೆಯವರು ಸುಮ್ಮನೆ ಕೂರಲಿಲ್ಲ ಎಂಬುದನ್ನೂ ಹೇಳಬೇಕು. ಮಾವನ ಮೇಲಿನ ಹಗೆ ತಂದೆಯ ಮೇಲಿನ ಹಗೆಗೆ ತೊಡಿಸಿದ ಮುಸುಕು ಎಂದು ಅರ್ನೆಸ್ಟ್ ಜೋನ್ಸ್ ಉತ್ತರಿಸಿದ. 1982ರಲ್ಲಿ ಮೆಲ್‌ಫೋರ್ಡ್ ಸ್ಪೈರೊ ಮಲಿನೋವ್‌ಸ್ಕಿಯ ಪುರಾವೆಗಳನ್ನೇ ಮತ್ತೆ ಕೆದಕಿ ಫ್ರಾಯ್ಡನ ಪರ ನಿಂತ. 1922ರಲ್ಲಿ ಕಲ್ಕತ್ತದಲ್ಲಿ ಭಾರತೀಯ ಮನೋವಿಶ್ಲೇಷಣಾ ಸಂಘ ಕಟ್ಟಿದ ಗಿರೀಂದ್ರಶೇಖರ ಬೋಸ್, ತನ್ನ ರೋಗಿಗಳಲ್ಲಿ ಈ ಗಂಟು ಬೇರೆ ರೀತಿಯಲ್ಲಿ ಬಿಗಿದಿದೆ ಎಂದು ಫ್ರಾಯ್ಡನಿಗೇ ಬರೆದರು. ಎ.ಕೆ. ರಾಮಾನುಜನ್ ಕನ್ನಡದ ಜನಪದ ಕಥೆಯೊಂದನ್ನು ಮುಂದಿಟ್ಟುಕೊಂಡು, ಭಾರತದ ಕಥೆಗಳಲ್ಲಿ ಹಗೆ ಮಗನಿಂದ ತಂದೆಯ ಕಡೆಗಲ್ಲ, ತಂದೆಯಿಂದ ಮಗನ ಕಡೆಗೆ ಹರಿಯುತ್ತದೆ ಎಂದು ತೋರಿಸಿದರು. ಇಷ್ಟನ್ನೂ ಓದಿದ ಮೇಲೆ ನನಗೆ ಅನಿಸುವುದು ಇದು: ಒಳಗೆ ಕಾಣದ ತಳಮಳ ಇದೆ ಎಂಬ ಗೃಹೀತ ಇಲ್ಲಿಯೂ ಸಲ್ಲುತ್ತದೆ, ಆ ತಳಮಳದ ಪಾತ್ರಧಾರಿಗಳು ಎಲ್ಲೆಡೆಯೂ ಅವರೇ ಎಂಬುದು ಸಲ್ಲುವುದಿಲ್ಲ.

ವರ್ತನಾವಾದಕ್ಕೆ ಒಳಗಿನ ತಳಮಳವೇ ಬೇಡ. ಜಾನ್ ವಾಟ್ಸನ್ 1913ರಲ್ಲಿ, ಮನಶ್ಶಾಸ್ತ್ರ ವಿಜ್ಞಾನವಾಗಬೇಕಾದರೆ ಕಣ್ಣಿಗೆ ಕಾಣುವ ನಡವಳಿಕೆಯನ್ನು ಮಾತ್ರ ನೋಡಬೇಕು ಎಂದ. ನಡವಳಿಕೆ ಕಲಿಕೆಯಿಂದ ಬರುತ್ತದೆ, ಕಲಿಕೆಯನ್ನು ಪರಿಸರ ಆಳುತ್ತದೆ, ಪ್ರಾಣಿಗೂ ಮನುಷ್ಯನಿಗೂ ಕಲಿಕೆಯ ನಿಯಮ ಒಂದೇ ಎಂಬುದು ಅದರ ಗೃಹೀತ. ಅಡಿಕೆ, ತೆಂಗು, ಕೊಕ್ಕೊ ತೋಟದಲ್ಲಿ ಮಂಗಗಳ ಕಾಟ ಅನುಭವಿಸಿದವರಿಗೆ ಇದರಲ್ಲಿ ಒಂದು ಪಾಠ ಗೊತ್ತೇ ಇದೆ. ಮೊದಲ ಸಲ ಗರ್ನಾಲು ಹೊಡೆದಾಗ ಹಿಂಡಿಗೆ ಹಿಂಡೇ ಗುಡ್ಡ ಏರುತ್ತದೆ. ಕೆಲವು ದಿನ ಹೋದರೆ ಶಬ್ದಕ್ಕೆ ಒಮ್ಮೆ ತಲೆಯೆತ್ತಿ ನೋಡಿ, ಎಳೆ ಬೊಂಡವನ್ನು ಕಚ್ಚಿ ಎಸೆಯುವ ಕೆಲಸ ಮುಂದುವರಿಸುತ್ತವೆ. ಶಬ್ದದ ಹಿಂದೆ ಅಪಾಯ ಬಾರದಿದ್ದರೆ ಭಯ ಸವೆಯುತ್ತದೆ. ಮನುಷ್ಯರ ಅತಿಭಯಕ್ಕೆ ಇವತ್ತು ಕೊಡುವ ಬಹಳ ಪರಿಣಾಮಕಾರಿಯಾದ ಚಿಕಿತ್ಸೆ ನಿಂತಿರುವುದು ಇದೇ ನೆಲೆಯಲ್ಲಿ: ಹೆದರುವ ವಸ್ತುವಿಗೆ ಸ್ವಲ್ಪ ಸ್ವಲ್ಪವಾಗಿ, ಸುರಕ್ಷಿತವಾಗಿ, ಮತ್ತೆ ಮತ್ತೆ ಎದುರಾಗುವುದು.

ಜಾಹೀರಾತಿನ ವಿಷಯದಲ್ಲಿ ವರ್ತನಾವಾದಿ ಬಿ.ಎಫ್. ಸ್ಕಿನ್ನರನ 1948ರ ಪಾರಿವಾಳಗಳನ್ನು ನೆನಪಿಸುತ್ತಾನೆ. ಗಡಿಯಾರದ ಲೆಕ್ಕದಲ್ಲಿ ತಾನಾಗಿ ಕಾಳು ಬೀಳುತ್ತಿತ್ತು. ಬೀಳುವ ಹೊತ್ತಿಗೆ ಏನು ಮಾಡುತ್ತಿದ್ದವೋ ಅದನ್ನೇ, ಕೆಲವು ಸುತ್ತು ತಿರುಗುವುದನ್ನು, ಕೆಲವು ತಲೆ ಆಡಿಸುವುದನ್ನು, ಪಾರಿವಾಳಗಳು ಮುಂದುವರಿಸಿದವು. ಪ್ರೇತ ಮದುವೆ ಆದ ವರ್ಷ ತಂಗಿಗೆ ಸಂಬಂಧ ಕೂಡಿಬಂದರೆ ಕ್ರಮ ಗಟ್ಟಿಯಾಗುತ್ತದೆ ಎಂಬ ಮಾತಿನಲ್ಲಿ ಹುರುಳಿಲ್ಲದೆ ಇಲ್ಲ. ಆದರೆ ಮಾಡುವ ಕ್ರಮ ಮದುವೆಯೇ ಯಾಕಾಗಿರಬೇಕು, ಧಾರೆ ಎರೆಯುವಾಗ ತಾಯಿ ಯಾಕೆ ಅಳುತ್ತಾಳೆ ಎಂದರೆ ಈ ಪಂಥದ ಬಳಿ ಮಾತಿಲ್ಲ. ಆದರೂ ನಮ್ಮಲ್ಲಿ ಇದಕ್ಕೆ ಸಿಗಬೇಕಾದ ಮರ್ಯಾದೆ ಸಿಕ್ಕಿಲ್ಲ ಎಂದೇ ನನ್ನ ಅಭಿಪ್ರಾಯ. ಖಿನ್ನನಾಗಿ ತೋಟಕ್ಕೆ ಇಳಿಯುವುದನ್ನೇ ಬಿಟ್ಟವನನ್ನು, ಮನಸ್ಸು ಸರಿಯಾಗಲಿ ಎಂದು ಕಾಯದೆ, ದಿನಕ್ಕೊಂದು ಸಣ್ಣ ಕೆಲಸಕ್ಕೆ ಎಬ್ಬಿಸುವ ವಿಧಾನ ಹುಟ್ಟಿದ್ದು ಇಲ್ಲಿಂದಲೇ. ಅದಕ್ಕೆ ದೊಡ್ಡ ತಜ್ಞರು ಬೇಕಿಲ್ಲ, ತರಬೇತಾದ ಆಶಾ ಕಾರ್ಯಕರ್ತೆಯೂ ಜೊತೆ ನಿಲ್ಲಬಹುದು.

1950ರ ದಶಕದ ಕೊನೆಗೆ ಗಾಳಿ ಬದಲಾಯಿತು. ಮಕ್ಕಳು ತಾವು ಎಂದೂ ಕೇಳದ ವಾಕ್ಯಗಳನ್ನು ಆಡುತ್ತಾರೆ, ಬಹುಮಾನದಿಂದ ಭಾಷೆ ಬರುವುದಿಲ್ಲ ಎಂದು 1959ರಲ್ಲಿ ನೋಮ್ ಚೋಮ್‌ಸ್ಕಿ ಸ್ಕಿನ್ನರನ ಪುಸ್ತಕವನ್ನು ಖಂಡಿಸಿ ಬರೆದರು. ಸುಳ್ಯದ ಅಂಗನವಾಡಿಯೊಂದರ ಬಾಗಿಲಲ್ಲಿ ಅರ್ಧ ಗಂಟೆ ನಿಂತರೆ ಆ ವಾದದ ಬಲ ತಿಳಿಯುತ್ತದೆ. ಮಗು ಅಮ್ಮನ ಹತ್ತಿರ ಅರೆಭಾಷೆಯಲ್ಲಿ, ಆಟದಲ್ಲಿ ತುಳುವಿನಲ್ಲಿ, ಟೀಚರ ಹತ್ತಿರ ಕನ್ನಡದಲ್ಲಿ, ಪಕ್ಕದ ಮನೆಯ ಗೆಳತಿಯ ಹತ್ತಿರ ಬ್ಯಾರಿ ಅಥವಾ ಮಲಯಾಳದಲ್ಲಿ ಮಾತಾಡುತ್ತದೆ. ಯಾರಿಗೆ ಯಾವುದು ಎಂದು ಕ್ಷಣದಲ್ಲಿ ಆರಿಸುತ್ತದೆ. ಒಳಗೆ ಏನೋ ನಿಯಮ ಕಟ್ಟುತ್ತಿದೆ ಎಂದು ಒಪ್ಪದೆ ಇದನ್ನು ವಿವರಿಸಲಾಗದು. ಸಂಜ್ಞಾನಾತ್ಮಕ ಪಂಥದ ಗೃಹೀತ ಇದೇ: ಮನಸ್ಸು ಮಾಹಿತಿಯನ್ನು ಪಡೆದು, ಹದಗೊಳಿಸಿ, ಸಂಗ್ರಹಿಸುವ ವ್ಯವಸ್ಥೆ; ಘಟನೆಗೂ ಭಾವನೆಗೂ ನಡುವೆ ನಮ್ಮ ವ್ಯಾಖ್ಯಾನ ನಿಂತಿರುತ್ತದೆ. ಆಲ್ಬರ್ಟ್ ಎಲಿಸ್, ಏರನ್ ಬೆಕ್ ಇದನ್ನು ಚಿಕಿತ್ಸೆಯಾಗಿ ಬೆಳೆಸಿದರು. ಖಿನ್ನತೆಯಲ್ಲಿ ಯೋಚನೆ ವಕ್ರವಾಗುತ್ತದೆ, ವಕ್ರತೆಯನ್ನು ಪುರಾವೆಯಿಟ್ಟು ನೇರ ಮಾಡಿದರೆ ಭಾವನೆಯೂ ಬದಲಾಗುತ್ತದೆ ಎಂಬುದು ಬೆಕ್ ಹೇಳಿದ್ದು.

ಸಂಪಾಜೆ, ಅರಂತೋಡು ಕಡೆಯ ತೋಟಗಳ ನಡುವೆ ನಿಂತಾಗ ಈ ಗೃಹೀತ ತಡವರಿಸುತ್ತದೆ. ಅಲ್ಲಿ ಅಡಿಕೆಗೆ ಹಳದಿ ಎಲೆ ರೋಗ. ಎಲೆ ತುದಿಯಿಂದ ಹಳದಿಯಾಗುತ್ತಾ ಬರುತ್ತದೆ, ಮರದ ಮಂಡೆ ಸಣ್ಣದಾಗುತ್ತದೆ, ಫಸಲು ವರ್ಷದಿಂದ ವರ್ಷಕ್ಕೆ ಇಳಿಯುತ್ತದೆ. ಕೊಳೆರೋಗಕ್ಕಾದರೆ ಮೈಲುತುತ್ತು, ಸುಣ್ಣ ಸೇರಿಸಿ ಬೋರ್ಡೋ ದ್ರಾವಣ ಸಿಂಪಡಿಸಬಹುದು. ಹಳದಿ ಎಲೆ ರೋಗಕ್ಕೆ ಖಚಿತ ಮದ್ದಿಲ್ಲ. ಅಜ್ಜ ನೆಟ್ಟ ತೋಟ ನನ್ನ ಕಾಲಕ್ಕೇ ಮುಗಿಯಿತು ಎಂದು ರಾತ್ರಿಯೆಲ್ಲ ಕಣ್ಣು ತೆರೆದು ಮಲಗುವ ಕೃಷಿಕನ ಯೋಚನೆಯಲ್ಲಿ ವಕ್ರತೆ ಎಲ್ಲಿದೆ? ಅವನು ಕಂಡದ್ದು ಇದ್ದದ್ದೇ. ಇಂಥಲ್ಲಿ ಯೋಚನೆಯನ್ನು ತಿದ್ದಹೊರಡುವುದು ಅವನ ಬುದ್ಧಿಗೆ ಮಾಡುವ ಅವಮಾನ. ತೋಟ ಹೋಯಿತು ಎಂಬುದರಿಂದ ನಾನೂ ನಿಷ್ಪ್ರಯೋಜಕ ಎಂಬ ತೀರ್ಮಾನಕ್ಕೆ ಜಾರುವ ಆ ಒಂದು ಹೆಜ್ಜೆಯಲ್ಲಿ ಮಾತ್ರ ಬೆಕ್ ಅವರ ವಿಧಾನಕ್ಕೆ ಕೆಲಸವಿದೆ. ಉಳಿದದ್ದು ಪರ್ಯಾಯ ಬೆಳೆಗೆ, ಪರಿಹಾರಕ್ಕೆ, ಸಾಲದ ಕಂತಿಗೆ ಸಂಬಂಧಿಸಿದ್ದು. ಸಲಹೆಗಾರರಿಗೆ ಅದೂ ಗೊತ್ತಿರಬೇಕು.

ವಿಕಾಸವಾದಿ ಮನಶ್ಶಾಸ್ತ್ರವನ್ನು ಹೆಚ್ಚು ಎಳೆಯುವುದಿಲ್ಲ. ಪೂರ್ವಿಕರ ಪರಿಸರದಲ್ಲಿ ಬದುಕಿಗೆ ನೆರವಾದ ಒಲವು, ಭಯಗಳು ನಮ್ಮಲ್ಲಿ ಉಳಿದಿವೆ ಎಂಬುದು ಅದರ ನೆಲೆ. ಸೂಸನ್ ಮಿನೆಕಾ ಮತ್ತು ಮೈಕೆಲ್ ಕುಕ್ 1980ರ ದಶಕದಲ್ಲಿ ಮಾಡಿದ ಪ್ರಯೋಗ ಇಲ್ಲಿ ಸೊಗಸಾಗಿ ಕೂರುತ್ತದೆ. ಪ್ರಯೋಗಶಾಲೆಯಲ್ಲೇ ಬೆಳೆದ, ಹಾವನ್ನು ಕಂಡರಿಯದ ಮಂಗಗಳು, ಬೇರೊಂದು ಮಂಗ ಹಾವಿಗೆ ಹೆದರುವ ವಿಡಿಯೊ ನೋಡಿ ಹಾವಿನ ಭಯ ಕಲಿತವು. ವಿಡಿಯೊ ಜೋಡಿಸಿ, ಹೂವಿಗೆ ಹೆದರಿದಂತೆ ತೋರಿಸಿದಾಗ ಹೂವಿನ ಭಯ ಕಲಿಯಲಿಲ್ಲ. ಕುಕ್ಕೆ ಸುಬ್ರಹ್ಮಣ್ಯ ಇರುವ ಕಡಬದಲ್ಲಿ, ನಾಗಬನ ಇಲ್ಲದ ತರವಾಡು ಇಲ್ಲದ ಸೀಮೆಯಲ್ಲಿ, ಹಾವಿನ ಭಯ ಎಷ್ಟು ಹಳೆಯದು ಎಂಬುದಕ್ಕೆ ಇದು ಉತ್ತರ. ಹೆದರಿದ್ದಕ್ಕೆ ತನು ಎರೆದು ಕೈಮುಗಿಯುವುದು ಹೇಗೆ ಬಂತು ಎಂಬುದಕ್ಕೆ ಅಲ್ಲ.

ಮಾನವತಾವಾದಿಗಳ ಮಾತಿಗೆ ಬಂದರೆ ಪುತ್ತೂರಿನಲ್ಲಿರುವ ಶಿವರಾಮ ಕಾರಂತರ ಬಾಲವನ ಕಣ್ಣ ಮುಂದೆ ಬರುತ್ತದೆ. ಸರಿಯಾದ ವಾತಾವರಣ ಸಿಕ್ಕರೆ ಮನುಷ್ಯ ತಾನಾಗಿ ಅರಳುತ್ತಾನೆ ಎಂದು ಅಬ್ರಹಾಂ ಮಾಸ್ಲೊ, ಕಾರ್ಲ್ ರೋಜರ್ಸ್ ಬರೆದದ್ದು 1940, 50ರ ದಶಕಗಳಲ್ಲಿ. ಶಿವರಾಮ ಕಾರಂತರು ಅದಕ್ಕೂ ಮೊದಲೇ, 1930ರ ದಶಕದಲ್ಲಿ, ಮಕ್ಕಳನ್ನು ಬೆತ್ತದಿಂದ ಬಿಡಿಸಿ ಆಟ, ನಾಟಕ, ಕುಣಿತ, ಚಿತ್ರಗಳ ಮೂಲಕ ಕಲಿಸುವ ಪ್ರಯೋಗಕ್ಕೆ ಕೈಹಾಕಿದ್ದರು. 'ಬಾಲ ಪ್ರಪಂಚ'ದ ಸಂಪುಟಗಳು ಬಂದದ್ದೂ ಆಗಲೇ. ಮಗುವಿನ ಮೇಲೆ ಅವರು ಇಟ್ಟ ನಂಬಿಕೆ ರೋಜರ್ಸನ ನಂಬಿಕೆಯೇ, ಯಾವ ಪಂಥದ ಹೆಸರೂ ಇಲ್ಲದೆ. ಈ ಪಂಥದ ತೊಡಕು ಬೇರೆಡೆ ಇದೆ. ತನ್ನನ್ನು ತಾನು ಸಾಧಿಸಿಕೊಳ್ಳುವುದನ್ನು ಅದು ತುದಿಯ ಗುರಿ ಎನ್ನುತ್ತದೆ. ಮುಂದೆ ಓದಬೇಕು ಎನ್ನುವ ಮಗಳು ಮನೆಯನ್ನು ಎದುರಿಸಲು ಈ ಮಾತು ಬಲ ಕೊಡುತ್ತದೆ, ಅದು ದೊಡ್ಡ ಉಪಕಾರ. ಆದರೆ ಮುದಿ ತಂದೆತಾಯಿಗಾಗಿ ಬೆಂಗಳೂರಿನ ಕೆಲಸ ಬಿಟ್ಟು ತೋಟಕ್ಕೆ ಮರಳಿದವನನ್ನು ಅರಳದೆ ಉಳಿದವನೆಂದು ಎಣಿಸಿದರೆ ಅದು ಅನ್ಯಾಯ.

ಇನ್ನು ಜೈವಿಕ ಪಂಥ. ಮನಸ್ಸಿನ ಪ್ರತಿಯೊಂದು ಆಗುಹೋಗಿಗೂ ಮಿದುಳಿನಲ್ಲಿ, ನರಗಳಲ್ಲಿ, ವಂಶವಾಹಿಗಳಲ್ಲಿ ನೆಲೆಯಿದೆ ಎಂಬುದು ಅದರ ಗೃಹೀತ. ಇದನ್ನು ಹೊರಗಿನಿಂದ ಬಂದದ್ದು ಎಂದು ದೂರುವವರು ಸರ್ಪಗಂಧದ ಕಥೆ ಕೇಳಬೇಕು. ಪಶ್ಚಿಮ ಘಟ್ಟದಲ್ಲೂ ಬೆಳೆಯುವ ಈ ಗಿಡದ ಬೇರನ್ನು ನಮ್ಮ ವೈದ್ಯರು ಉನ್ಮಾದಕ್ಕೆ ಬಹಳ ಹಿಂದಿನಿಂದ ಕೊಡುತ್ತಿದ್ದರು. 1931ರಲ್ಲಿ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಅದನ್ನು ವೈದ್ಯಕೀಯ ಪತ್ರಿಕೆಯಲ್ಲಿ ದಾಖಲಿಸಿದರು. 1952ರಲ್ಲಿ ಅದರಿಂದ ರಿಸರ್ಪಿನ್ ಬೇರ್ಪಟ್ಟಿತು. ಅಮೆರಿಕದ ಮನೋರೋಗ ಆಸ್ಪತ್ರೆಗಳಲ್ಲಿ ಬಳಕೆಗೆ ಬಂದ ಮೊದಲ ಮದ್ದುಗಳಲ್ಲಿ ಅದೂ ಒಂದು. ಮನಸ್ಸಿನ ಕಾಯಿಲೆಗೆ ಬೇರು, ನಾರಿನ ಮದ್ದು ಕೊಡಬಹುದು ಎಂಬ ತಿಳಿವಳಿಕೆ ಈ ನೆಲಕ್ಕೆ ಹೊಸದಲ್ಲ.

ಈ ಪಂಥದ ಬೆಲೆ ತಿಳಿಯುವ ಇನ್ನೊಂದು ಜಾಗ ಇಲ್ಲೇ ಇದೆ. ಕಡಬ ತಾಲೂಕಿನ ಕೊಯಿಲದಲ್ಲಿ ಎಂಡೋಸಲ್ಫಾನ್ ಕೀಟನಾಶಕದ ಸಂತ್ರಸ್ತರ ಪಾಲನಾ ಕೇಂದ್ರವಿದೆ, ಪಕ್ಕದ ಬೆಳ್ತಂಗಡಿ ತಾಲೂಕಿನ ಕೊಕ್ಕಡದಲ್ಲಿ ಇನ್ನೊಂದು. ಸರಕಾರದ ಗೇರು ಅಭಿವೃದ್ಧಿ ನಿಗಮ ಸುಮಾರು ಎರಡು ದಶಕ, 2000ದ ವರೆಗೆ, ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಈ ವಿಷ ಸುರಿಸಿತು. 2011ರ ಮೇಯಲ್ಲಿ ಸುಪ್ರೀಂ ಕೋರ್ಟ್ ದೇಶದಾದ್ಯಂತ ತಡೆ ವಿಧಿಸಿತು. ಗಡಿಯಾಚೆ ಕಾಸರಗೋಡಿನ ಎಣ್ಮಕಜೆಯ ಪಡ್ರೆಯಲ್ಲಿ ಈ ವಿಷದ ಹಾನಿಯನ್ನು ಮೊದಲು ಗುರುತಿಸಿದವರಲ್ಲಿ ಪತ್ರಕರ್ತ ಶ್ರೀಪಡ್ರೆ, ವೈದ್ಯ ಡಾ. ಮೋಹನ್ ಕುಮಾರ್ ಇದ್ದರು. ಯಾವ ಮಗುವಿನ ಯಾವ ಊನಕ್ಕೆ ವಿಷವೇ ಕಾರಣ ಎಂಬ ವೈಜ್ಞಾನಿಕ ವಾದ ಇಂದಿಗೂ ನಡೆಯುತ್ತಿದೆ. ನಾನು ನೋಡುವುದು ತಾಯಂದಿರ ಕಡೆಯಿಂದ. ಬುದ್ಧಿಬೆಳವಣಿಗೆ ಕುಂಠಿತವಾದ ಮಗು ಹುಟ್ಟಿದಾಗ ಮನೆಯಲ್ಲಿ ಮೊದಲು ಏಳುವ ಮಾತು ಯಾರ ದೋಷ ಎಂಬುದು: ನಾಗನದೇ, ದೈವದ್ದೇ, ಬಸುರಿಯಾಗಿದ್ದಾಗ ಅವಳು ಮಾಡಿದ ತಪ್ಪೇ? ಇಂಥ ಮಾತು ನಮ್ಮಲ್ಲಿ ಮಾತ್ರ ಇದ್ದದ್ದೂ ಅಲ್ಲ. 1967ರಲ್ಲಿ ಬ್ರೂನೊ ಬೆಟಲ್‌ಹೈಮ್ ಆಟಿಸಂ ಇರುವ ಮಕ್ಕಳ ತಾಯಂದಿರ ಹೃದಯ ತಣ್ಣಗಿತ್ತು, ಅದರಿಂದಲೇ ಮಗು ಮುದುಡಿತು ಎಂದು ಫ್ರಾಯ್ಡನ ಹೆಸರಿನಲ್ಲಿ ಬರೆದ. ಆಟಿಸಂಗೆ ಜೈವಿಕ ಕಾರಣವಿದೆ, ತಾಯಿ ಕಾರಣಳಲ್ಲ ಎಂದು ಬರ್ನಾರ್ಡ್ ರಿಮ್‌ಲ್ಯಾಂಡ್ 1964ರಲ್ಲೇ ವಾದಿಸಿದ್ದರು. ಅವರು ಸ್ವತಃ ಅಂಥ ಮಗುವಿನ ತಂದೆ. ಅರ್ಥವಿಲ್ಲದ ಲಕ್ಷಣವೇ ಇಲ್ಲ ಎಂಬ ಗೃಹೀತ ಎಷ್ಟು ಕ್ರೂರವಾಗಬಲ್ಲದು ಎಂಬುದಕ್ಕೆ ಇದು ಸಾಕ್ಷಿ. ಕೆಲವು ಲಕ್ಷಣಗಳಿಗೆ ಕಾರಣ ಇರುತ್ತದೆ, ಅರ್ಥ ಇರುವುದಿಲ್ಲ. ಇದನ್ನು ಹೇಳಿ ತಾಯಿಯ ತಲೆಯಿಂದ ಪಾಪದ ಹೊರೆ ಇಳಿಸಿದ್ದು ಜೈವಿಕ ಪಂಥ. ಇದೊಂದಕ್ಕೇ ನಾನು ಅದಕ್ಕೆ ಋಣಿ.

ಆದರೆ ಅದರ ಕೈಯಲ್ಲಿ ಗಡಿಯಾರವೂ ಇದೆ. ವಿಶ್ವ ಆರೋಗ್ಯ ಸಂಸ್ಥೆಯ 11ನೇ ರೋಗಪಟ್ಟಿಯಲ್ಲಿ ತೀವ್ರ ದುಃಖ 6 ತಿಂಗಳು ದಾಟಿ ಮುಂದುವರಿದರೆ, ಅಮೆರಿಕದ ಮನೋವೈದ್ಯರ 2022ರ ಕೈಪಿಡಿಯಲ್ಲಿ 12 ತಿಂಗಳು ದಾಟಿದರೆ, ಅದು ದೀರ್ಘಕಾಲದ ದುಃಖದ ಕಾಯಿಲೆ ಎಂದು ಗುರುತಿಸಬಹುದು. ಎರಡೂ ಒಂದು ಷರತ್ತು ಹಾಕುತ್ತವೆ: ಆ ಸಂಸ್ಕೃತಿಯ ರೂಢಿಯನ್ನು ಮೀರಿದ್ದಾಗಿರಬೇಕು. ಪುತ್ತೂರಿನ ಜಾಹೀರಾತನ್ನು ಕಾಪಾಡುವುದು ಆ ಷರತ್ತೇ. ರೂಢಿ ಏನೆಂದು ಪರವೂರಿನಿಂದ ಬಂದ ಯುವ ವೈದ್ಯರಿಗೆ ಹೇಳುವವರು ಯಾರು ಎಂಬುದು ಕೈಪಿಡಿಯಲ್ಲಿಲ್ಲ.

ಅದನ್ನು ಹೇಳಬೇಕಾದದ್ದು ಸಾಮಾಜಿಕ-ಸಾಂಸ್ಕೃತಿಕ ಪಂಥ. ಇದಕ್ಕೆ ನಮ್ಮ ಜಿಲ್ಲೆಯಲ್ಲೇ ಒಂದು ದೊಡ್ಡ ಉದಾಹರಣೆ ಇದೆ. ನಮ್ಮವರೇ ಅದನ್ನು ಮರೆತಿದ್ದಾರೆ ಎಂಬುದು ಬೇಸರದ ಸಂಗತಿ. ಆಗ ಅವಿಭಜಿತ ದಕ್ಷಿಣ ಕನ್ನಡದಲ್ಲಿದ್ದ ಕೋಟದಲ್ಲಿ, ಅಂದರೆ ಕಾರಂತರು ಹುಟ್ಟಿದ ಊರಿನಲ್ಲಿ, ಜಿ.ಎಂ. ಕಾರ್‌ಸ್ಟೇರ್ಸ್ ಮತ್ತು ಆರ್.ಎಲ್. ಕಪೂರ್ ಮನೆಮನೆಗೆ ಹೋಗಿ ಮಾನಸಿಕ ತೊಂದರೆಗಳನ್ನು ಅಧ್ಯಯನ ಮಾಡಿ 1976ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ಬ್ರಾಹ್ಮಣರು, ಬಂಟರು, ಮೊಗವೀರರು ಎಂಬ ಮೂರು ಸಮುದಾಯಗಳನ್ನು ಆರಿಸಿಕೊಂಡದ್ದರಲ್ಲೇ ಅವರ ಪ್ರಶ್ನೆ ಅಡಗಿತ್ತು. ಅಳಿಯಕಟ್ಟು ಸಡಿಲಾಗಿ ಮಕ್ಕಳಕಟ್ಟಿನ ಕಡೆಗೆ ಮನೆಗಳು ವಾಲುತ್ತಿದ್ದ ಕಾಲ ಅದು. 1949ರ ಅಳಿಯಸಂತಾನ ಕಾಯಿದೆ, 1956ರ ಉತ್ತರಾಧಿಕಾರ ಕಾಯಿದೆಗಳ ಬಳಿಕ ಪಾಲುಪಟ್ಟಿ ನಡೆಯುತ್ತಿತ್ತು. ಕುಟುಂಬದ ಕಟ್ಟು ಬದಲಾದಾಗ ಮನಸ್ಸಿಗೆ ಏನಾಗುತ್ತದೆ ಎಂದು ಅವರು ಕೇಳಿದರು. ಊರಿನವರು ತೊಂದರೆ ಬಂದಾಗ ಹೋಗುವ ಮೂರು ಬಗೆಯವರನ್ನೂ, ಅಂದರೆ ವೈದ್ಯರು, ಮಂತ್ರವಾದಿಗಳು, ದೈವ ಮೈಮೇಲೆ ಬರುವ ಪಾತ್ರಿಗಳನ್ನು, ಗೌರವದಿಂದಲೇ ದಾಖಲಿಸಿದರು. ನೋವು ಒಬ್ಬನ ತಲೆಯೊಳಗೆ ಮಾತ್ರ ಇರುವುದಿಲ್ಲ, ಸಂಬಂಧಗಳ ನಡುವೆ ಇರುತ್ತದೆ ಎಂಬ ಗೃಹೀತ ಆ ಪುಸ್ತಕದ ಉದ್ದಕ್ಕೂ ಕೆಲಸ ಮಾಡುತ್ತದೆ.

ಸಿರಿ ಜಾತ್ರೆ ಈ ಗೃಹೀತದ ಜೀವಂತ ರೂಪ. ನಂದಳಿಕೆ, ಕವತ್ತಾರು, ಹಿರಿಯಡ್ಕಗಳಲ್ಲಿ ಹುಣ್ಣಿಮೆಯ ರಾತ್ರಿ ಬಿಳಿ ಸೀರೆಯುಟ್ಟು, ಕೈಯಲ್ಲಿ ಹಿಂಗಾರ ಹಿಡಿದ ಹೆಂಗಸರು ಆವೇಶಕ್ಕೆ ಒಳಗಾಗುತ್ತಾರೆ. ಮೊದಲ ಸಲ ಬಂದ ಹೆಂಗಸನ್ನು ಕುಮಾರ ಪಾತ್ರಧಾರಿ ಸಿರಿ ಕಾವ್ಯದ ಹೆಣ್ಣುಗಳ ಹೆಸರೆತ್ತಿ ಮಾತಾಡಿಸುತ್ತಾನೆ: ನೀನು ಯಾರು, ಸಿರಿಯೋ, ಸೊನ್ನೆಯೋ, ಅಬ್ಬಗೆಯೋ, ದಾರಗೆಯೋ? ಗಂಡನ ಕಡೆಯವರು, ತವರಿನವರು ಸುತ್ತ ನಿಂತು ಕೇಳುತ್ತಿರುತ್ತಾರೆ. ಮನೆಯಲ್ಲಿ ಆಡಲಾಗದ ಮಾತು ಅಲ್ಲಿ ಎಲ್ಲರೆದುರು ಬಾಯಿಗೆ ಬರುತ್ತದೆ, ಬಂದ ಮೇಲೆ ಮನೆಯವರು ಅದಕ್ಕೆ ಉತ್ತರ ಕೊಡಬೇಕಾಗುತ್ತದೆ. ಅಮೆರಿಕದ ಪೀಟರ್ ಕ್ಲಾಸ್ 1970ರ ದಶಕದಿಂದ ಇದನ್ನು ಅಧ್ಯಯನ ಮಾಡಿದರು. ಗೋಪಾಲ ನಾಯ್ಕರು ಹಾಡಿದ ಸಿರಿ ಮಹಾಕಾವ್ಯವನ್ನು ಲೌರಿ ಹಾಂಕೊ ಅವರು ಬಿ.ಎ. ವಿವೇಕ ರೈ, ಕೆ. ಚಿನ್ನಪ್ಪ ಗೌಡರ ಜೊತೆ ಸೇರಿ 1998ರಲ್ಲಿ ಪ್ರಕಟಿಸಿದರು. ಆವೇಶವನ್ನು ಬರೀ ರೋಗಲಕ್ಷಣ ಎಂದು ಓದುವವರಿಗೆ ಸುತ್ತ ನಿಂತ ಆ ನೆಂಟರು ಕಾಣುವುದೇ ಇಲ್ಲ.

ಇಷ್ಟು ಹೇಳಿ ಸಂಸ್ಕೃತಿಯ ಮಡಿಲಿಗೆ ಎಲ್ಲವನ್ನೂ ಒಪ್ಪಿಸಿ ಕೈತೊಳೆದುಕೊಳ್ಳಲು ನನಗೆ ಮನಸ್ಸಿಲ್ಲ. ನಿಮ್ಹಾನ್ಸ್‌ನ ಡಾ. ರಘುರಾಂ ಮತ್ತು ಸಂಗಡಿಗರು ತಮಿಳುನಾಡಿನ ದೇವಸ್ಥಾನವೊಂದರಲ್ಲಿ ತಂಗಿದ್ದ 31 ರೋಗಿಗಳನ್ನು ನೋಡಿ, ಮದ್ದಿಲ್ಲದೆಯೂ ಲಕ್ಷಣಗಳು ಸುಮಾರು ಶೇ 20ರಷ್ಟು ಇಳಿದವು ಎಂದು 2002ರಲ್ಲಿ ಬರೆದರು. ಆದರದ, ಬಂಧನವಿಲ್ಲದ ವಾತಾವರಣ ಅದಕ್ಕೆ ಕಾರಣವಿರಬಹುದು ಎಂದರು. ಅದಕ್ಕೆ ಒಂದು ವರ್ಷ ಮೊದಲು, 2001ರ ಆಗಸ್ಟ್ 6ರಂದು, ಅದೇ ರಾಜ್ಯದ ಎರ್ವಾಡಿಯಲ್ಲಿ, ದರ್ಗಾದ ನಂಬಿಕೆಯಲ್ಲಿ ಕರೆತಂದು ಸರಪಳಿಯಲ್ಲಿ ಕಟ್ಟಿಹಾಕಿದ್ದ 28 ಮಂದಿ ಬೆಂಕಿಗೆ ಸಿಕ್ಕಿ ಸತ್ತರು. ಎರಡೂ ನಂಬಿಕೆಯ ತಾಣಗಳೇ. ಒಂದೆಡೆ ರೋಗಿ ಅತಿಥಿಯಾಗಿದ್ದ, ಇನ್ನೊಂದೆಡೆ ಕೈದಿ. ಕಿವಿಯಲ್ಲಿ ಧ್ವನಿ ಕೇಳಿ ಅನ್ನ ಬಿಟ್ಟ ಹುಡುಗನನ್ನು ಒಬ್ಬ ಜೋಯಿಸರ ಪ್ರಶ್ನೆಯಿಂದ ಇನ್ನೊಬ್ಬರ ಪ್ರಶ್ನೆಗೆ ಕರೆದೊಯ್ಯುತ್ತಾ ಕಳೆಯುವ ತಿಂಗಳುಗಳು ಅವನ ಆಯುಷ್ಯದಿಂದ ಹೋಗುತ್ತವೆ. ಅವನಿಗೆ ಮೊದಲು ಬೇಕಾದದ್ದು ಮದ್ದು. ಗುಜರಾತಿನ ಉನಾವಾದ ಮೀರಾ ದಾತಾರ್ ದರ್ಗಾದಲ್ಲಿ ಮದ್ದೂ ಪ್ರಾರ್ಥನೆಯೂ ಒಂದೇ ಅಂಗಳದಲ್ಲಿ ಸಿಗುವಂತೆ ಮಾಡಿದ ದವಾ-ದುವಾ ಕ್ರಮ ಇಲ್ಲಿಯೂ ಆಗದ ಮಾತೇನಲ್ಲ.

ಹಾಗಾಗಿ ಯಾವ ಪಂಥ ಸರಿ ಎಂಬ ಪ್ರಶ್ನೆಗಿಂತ, ಪುತ್ತೂರು, ಸುಳ್ಯ, ಕಡಬ ಎಂಬ ಈ ಮೂರು ತಾಲೂಕುಗಳಲ್ಲಿ ಯಾವ ಗೃಹೀತ ಮೊದಲು ಕುಸಿಯುತ್ತದೆ ಎಂಬುದು ಹೆಚ್ಚು ಉಪಯೋಗದ ಪ್ರಶ್ನೆ. ಪುಸ್ತಕದಲ್ಲಿ ಪರಸ್ಪರ ಜಗಳವಾಡುವ ಪಂಥಗಳಲ್ಲಿ ಹೆಚ್ಚಿನವು ಒಂದು ವಿಷಯದಲ್ಲಿ ಒಮ್ಮತದಲ್ಲಿವೆ: ಮನುಷ್ಯ ಎಂದರೆ ಒಬ್ಬಂಟಿ ಘಟಕ, ಅವನ ಚರ್ಮದೊಳಗೆ ಅವನ ಮನಸ್ಸು ಮುಗಿಯುತ್ತದೆ. ಜಾಹೀರಾತು ಕೊಟ್ಟ ಮನೆಯಲ್ಲಿ ಆ ಘಟಕಕ್ಕೆ ಅರ್ಥವಿಲ್ಲ. ಅಲ್ಲಿ ಸತ್ತ ಮಗಳೂ ಕುಟುಂಬದ ಸದಸ್ಯೆ, ಲೆಕ್ಕಕ್ಕೆ ಬರುವವಳು. 2014ರಿಂದ ರಾಜ್ಯದ ತಾಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ನಡೆಯುವ ಮನೋಚೈತನ್ಯ ಕ್ಲಿನಿಕ್ಕಿಗೆ ರೋಗಿ ಒಬ್ಬನೇ ಬರುವುದು ಅಪರೂಪ. ಜೊತೆಗೆ ಅಣ್ಣ, ಅತ್ತಿಗೆ, ಕೆಲವು ಸಲ ನೆರೆಮನೆಯವರೂ ಇರುತ್ತಾರೆ. ಅವರನ್ನು ಹೊರಗೆ ಕೂರಿಸುವ ಮುನ್ನ ಒಂದಷ್ಟು ಹೊತ್ತು ಅವರ ಮಾತು ಕೇಳುವುದು ಚಿಕಿತ್ಸೆಯ ಭಾಗವಾಗಬೇಕು. ರೋಗಿಗೆ ಒಬ್ಬನೇ ಮಾತಾಡುವ ಅವಕಾಶವೂ ಅಷ್ಟೇ ಮುಖ್ಯ, ಯಾಕೆಂದರೆ ಕೂಡುಕುಟುಂಬ ಕಾಯುವಂತೆಯೇ ಬಾಯಿ ಮುಚ್ಚಿಸಲೂ ಬಲ್ಲದು. 2022ರ ಅಕ್ಟೋಬರಿನಲ್ಲಿ ಶುರುವಾದ ಟೆಲಿ ಮಾನಸ್‌ನ 14416 ಸಹಾಯವಾಣಿ ಸಂಖ್ಯೆಗೆ ಯಾರೂ ಕೇಳದ ಹೊತ್ತಿನಲ್ಲಿ ಕರೆ ಮಾಡಬಹುದು ಎಂಬುದು ಅಂಥವರಿಗೆ ಗೊತ್ತಿರಬೇಕು.

ಕೋಟದಲ್ಲಿ ಐವತ್ತು ವರ್ಷದ ಹಿಂದೆ ನಡೆದಂಥ ಅಧ್ಯಯನ ಈಗ ಕಡಲತೀರ ಬಿಟ್ಟು ಘಟ್ಟದ ಬುಡದ ಈ ತೋಟಗಳಿಗೆ ಬರಬೇಕು. ಪ್ರಶ್ನಾವಳಿ ತುಳು, ಅರೆಭಾಷೆ, ಹವ್ಯಕ, ಬ್ಯಾರಿ, ಮಲಯಾಳಗಳಲ್ಲಿ ಇರಬೇಕು. ಕನ್ನಡದಲ್ಲಿ ಕೇಳಿದರೆ ಶಾಲೆಯ ಉತ್ತರ ಸಿಗುತ್ತದೆ. ಹಳದಿ ಎಲೆ ರೋಗ ಬಂದ ತೋಟದ ಮನೆಗಳನ್ನೂ ಬಾರದ ಮನೆಗಳನ್ನೂ ಹೋಲಿಸಬೇಕು. ಮಕ್ಕಳು ಬೆಂಗಳೂರು, ಗಲ್ಫ್ ಸೇರಿ ಇಬ್ಬರೇ ಹಿರಿಯರು ಉಳಿದ ಮನೆಗಳನ್ನು ಬೇರೆಯಾಗಿ ನೋಡಬೇಕು. ಕೊಯಿಲದ ಕೇಂದ್ರಕ್ಕೆ ಮಗುವನ್ನು ಕರೆತರುವ ತಾಯಂದಿರ ನಿದ್ದೆ, ಊಟ, ಬೆನ್ನುನೋವಿನ ಬಗ್ಗೆ ಕೇಳಬೇಕು. ಮನೆಯಲ್ಲಿ ಎಷ್ಟು ಜನ ಎಂಬ ಮೊದಲ ಪ್ರಶ್ನೆಗೆ ಯಾರಾದರೂ ತೀರಿಹೋದ ಮಗಳನ್ನೂ ಸೇರಿಸಿ ಹೇಳಿದರೆ, ಅದನ್ನು ತಿದ್ದದೆ ಹಾಗೆಯೇ ಬರೆದುಕೊಳ್ಳಬೇಕು.